ಅಪ್ಪನ ಕಪಾಟು ಬಿಚ್ಚುವಾಗ

ದಿಶಾ,

ನಾನು ಕಲ್ಯಾಣ್‌ಗೆ ನಿನ್ನ ಚಿಕ್ಕಮ್ಮನಲ್ಲಿಗೆ ಹೊರಟೆ. ಕಟ್ಟಡ ಕೆಡವಿ ಹೊಸತು ಕಟ್ಟುವ ರಿಡೆವಲಪ್‌ಮೆಂಟ್‌ಗೆ ಮನೆ ಖಾಲಿ ಮಾಡಲೇಬೇಕು, ಸರಿ. ಆದರೆ ನಿನ್ನ ಅಪ್ಪನ ಕಪಾಟು ಬಿಚ್ಚುವುದನ್ನು ನೋಡಲು ನನ್ನಿಂದಾಗದು.

ಕಾರ್ಪೆಂಟರ್ ಬಂದು "ಸಬ್ ಪ್ಲೈವುಡ್ ಹೈ, ಫೆಂಕ್ ದೋ" ಅಂತ ಎಲ್ಲ ಬಿಸಾಡಲು ಹೇಳಿದರೆ ತಲೆಯಾಡಿಸಬೇಡ. ಅಂಚು ನೋಡು. ಪದರ ಪದರವಾಗಿ ಕಂಡರೆ ಪ್ಲೈವುಡ್. ಕೆಳಗಿನ ಹಲಗೆ ಮರದ ಹೊಟ್ಟು ಒತ್ತಿ ಮಾಡಿದ್ದು, ನೀರು ತಾಗಿ ಉಬ್ಬಿದೆ. ಅವೆಲ್ಲ ಹೋಗಲಿ. ಎರಡು ಬಾಗಿಲು ಮಾತ್ರ ಸಾಗುವಾನಿ. ಮೇಲ್ಮೈಯ ಮರದ ಗೆರೆ ಅಂಚಿನಲ್ಲೂ ಮುಂದುವರಿಯುತ್ತದೆ. ಅಪ್ಪ ಕೈಯಾರೆ ಮಾಡಿದ್ದು. ಅವನ್ನು ಉಳಿಸಿಕೋ.

ಸೀವುಡ್ಸ್‌ನ ನಿನ್ನ ಹೊಸ ಫ್ಲ್ಯಾಟಿಗೆ ಹಳೆಯ ಮರ ಬೇಡವೆಂದು ನೀನು ಮುಖ ತಿರುಗಿಸಿದ್ದು ಮರೆತಿಲ್ಲ. ಆದರೂ ಕೇಳು. ಮರ ಕೊಳ್ಳುವಾಗ ಅಪ್ಪ ಗೆಣ್ಣಿನಿಂದ ಎರಡು ಸಲ ತಟ್ಟಿ ಕಿವಿಗೊಡುತ್ತಿದ್ದರಲ್ಲ, ಅವರು ತೀರಿಕೊಂಡ ಮೇಲೆ ಅದೇ ಸದ್ದು ಆ ಬಾಗಿಲಿನಿಂದ ಬರುತ್ತಿತ್ತು. ಹುಳವಿರಬೇಕೆಂದು ಔಷಧಿ ಹೊಡೆಸಿದೆ, ನಿಲ್ಲಲಿಲ್ಲ. ನಿನ್ನೆ ಧೈರ್ಯ ಮಾಡಿ, "ಬಾಗಿಲು ಯಾರಿಗೂ ಕೊಡುವುದಿಲ್ಲ ಮಾರಾಯ್ರೆ, ಮಗಳ ಮನೆಗೇ ಹೋಗ್ತದೆ" ಅಂದೆ. ಆಮೇಲೆ ಸದ್ದಿಲ್ಲ.

ನಾನು ಮಾತು ಕೊಟ್ಟಾಗಿದೆ ಮಗಾ. ಬೇಡವೆಂದಾದರೆ ಬಾಗಿಲ ಹತ್ತಿರ ನಿಂತು ಅವರಿಗೆ ನೀನೇ ಹೇಳು.

ಅಮ್ಮ