ಕೆಂಗೇರಿಯ ಮಾದರಿ ಫ್ಲ್ಯಾಟ್

೧೬ ನವೆಂಬರ್, ಭಾನುವಾರ

"ಮೂರು ಜನ" ಎಂದುಬಿಟ್ಟರಲ್ಲ ಇವರು. ಅದು ಇನ್ನೂ ಕಿವಿ ಬಿಟ್ಟು ಹೋಗಿಲ್ಲ.

ಕೆಂಗೇರಿ ಆಚೆ ಹೊಸ ಲಕ್ಷುರಿ ಅಪಾರ್ಟ್‌ಮೆಂಟಿನ ಮಾದರಿ ಫ್ಲ್ಯಾಟ್ ನೋಡಲು ಹೋಗಿದ್ದೆವು. ಯಾರೂ ವಾಸ ಮಾಡದ, ಬರೀ ತೋರಿಸಲು ಸಿಂಗರಿಸಿಟ್ಟ ಮನೆ. ಆದರೂ ಅತ್ತೆ ಚಪ್ಪಲಿ ಹೊರಗೆ ಬಿಟ್ಟು, ಹೊಸಿಲು ಮುಟ್ಟಿ ಕಣ್ಣಿಗೊತ್ತಿಕೊಂಡು, ಬಲಗಾಲಿಟ್ಟು ಒಳಗೆ ಬಂದರು. ಸೇಲ್ಸ್ ಹುಡುಗಿ ನಕ್ಕಳು. ನನಗೆ ಸಿಟ್ಟು ಬಂತು. ಅತ್ತೆಗೆ ಅದರ ಪರಿವೆಯೇ ಇಲ್ಲ. ದೇವರ ಮನೆ ಎಲ್ಲಿ, ಒಲೆ ಯಾವ ದಿಕ್ಕಿಗೆ ಎಂದು ಕೇಳುತ್ತಲೇ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದರು. ನೀರಿಲ್ಲ.

ಅಷ್ಟರಲ್ಲಿ ಹೊರಗೆ ಆ ಹುಡುಗಿ, "ಮನೇಲಿ ಎಷ್ಟು ಜನ ಸಾರ್?" ಎಂದಳು.

"ಮೂರು ಜನ. ನಾವಿಬ್ರು, ಮಗಳು."

ಅಡುಗೆಮನೆ ಬಾಗಿಲಲ್ಲಿದ್ದ ನಾನು ಅತ್ತೆಯ ಬೆನ್ನನ್ನೇ ನೋಡಿದೆ. ಅವರು ತಿರುಗಲಿಲ್ಲ. ನೀರೇ ಬಾರದ ನಲ್ಲಿಯನ್ನು ಬಿಗಿಯಾಗಿ ಮುಚ್ಚಿದರು.

ವಿಜಯನಗರದ ಮನೆಗೆ ಬಂದು ಇವರನ್ನು ಕೇಳಿದರೆ, "ಬಾಯಿ ತಪ್ಪಿ ಬಂತು ಕಣೇ, ಅದನ್ನೇ ಎಳೀಬೇಡ" ಎಂದರು. ಬಾಯಿ ತಪ್ಪಿತಂತೆ! ಇರುವ ಎರಡು ಬೆಡ್‌ರೂಮಿನಲ್ಲಿ ಒಂದು ನಮಗೆ, ಇನ್ನೊಂದು ಮಗಳಿಗೆ ಎಂದು ಅಲ್ಲೇ ಹಂಚಿದ್ದು ಯಾರು? ನಾನಾದರೂ ನಾಲ್ಕು ಎನ್ನಬಹುದಿತ್ತು. ಎನ್ನಲಿಲ್ಲ.

ಊಟಕ್ಕೆ ಅತ್ತೆ ಮೂರೇ ತಟ್ಟೆ ಇಟ್ಟರು.

"ನಿಮ್ದು?" ಎಂದೆ.

"ನೀವ್ ಮೂರು ಜನ ಊಟ ಮಾಡಿ ಕಣಮ್ಮ. ನಂಗೆ ಹಸಿವಿಲ್ಲ."

ಇವರು ತಲೆಯೆತ್ತದೆ ಉಂಡರು. ನಾನು ಕಲಸಿದ ಅನ್ನ ಹಾಗೇ ಬಿಟ್ಟು ಎದ್ದೆ.