ಟ್ರಂಕು ಬೇಡ, ಹೋಲ್ಡಾಲು

ವಿನುತಾ,

ನೀನು ಸಮುದ್ರಕ್ಕೆ ಇಳಿಯುವಾಗ ತೊಡುವ ರಬ್ಬರ್ ಉಡುಪು ಮಡಿಸುವಾಗ ನನಗೆ ಗುಬ್ಬಿ ಊರಿನ ತವರುಮನೆ ನೆನಪಾಯಿತು. ಅಪ್ಪ ಸೈಕಲ್ಲಿಗೆ ಹೊಸ ಟಯರು ತಂದ ದಿನ ನಡುಮನೆಯೆಲ್ಲ ಇದೇ ವಾಸನೆ.

ಬಾಯಲ್ಲಿ ಹೇಳೋಣವೆಂದರೆ ಈ ಎರಡು ಕೋಣೆಯ ಮನೆಯಲ್ಲಿ ತಾತ ನನ್ನ ಪಕ್ಕ ಬಿಟ್ಟು ಕದಲುತ್ತಿಲ್ಲ. ನೀನು "ಟ್ರಂಕ್ ಬೇಡ ಅಂತ ನೀನೇ ಹೇಳಜ್ಜಿ" ಅಂತೀಯ. ಅವರು "ಗಾಜಿನ ಸಾಮಾನು ಕಣೇ, ಟ್ರಂಕೇ ಭದ್ರ, ನೀನೇ ಒಪ್ಸು" ಅಂತಾರೆ. ಮುಚ್ಚಳದ ಮೇಲೆ ನಿನ್ನ ಹೆಸರನ್ನೂ ಬರೆಸಿಬಿಟ್ಟರು. ಇಬ್ಬರಿಗೂ ಹೂಂ ಅಂದು ನಾನು ಸಿಕ್ಕಿಕೊಂಡಿದ್ದೇನೆ.

ಪೇಂಟರ್ ಹತ್ತಿರದಿಂದ ತರುವಾಗ ಅಕ್ಕಿ ಅಂಗಡಿಯ ಮೆಹಬೂಬ್ ಪಾಷಾ ಅದನ್ನು ತೂಗಿಕೊಟ್ಟರು. ಖಾಲಿ ಟ್ರಂಕೇ ಒಂಬತ್ತು ಕೆ.ಜಿ., ನಿನ್ನ ಸಾಮಾನು ಹದಿನಾಲ್ಕು. ವಿಮಾನದವರು ಬಿಡುವುದು ಇಪ್ಪತ್ತು. ಮೂರು ಕೆ.ಜಿ. ಹೆಚ್ಚಾಯಿತೆಂದು ಉಸಿರಾಡುವ ಸಲಕರಣೆ ಬಿಟ್ಟು ಅಂಡಮಾನಿಗೆ ಹೋಗಿ ಹವಳ ಹೇಗೆ ನೋಡುತ್ತೀ?

ನಾನೂ ತಾತನೂ ಯಡಿಯೂರಿನ ದೇವಸ್ಥಾನಕ್ಕೆ ಹೋಗಿ ಮಧ್ಯಾಹ್ನದೊಳಗೆ ಬರುತ್ತೇವೆ. ಅಷ್ಟರಲ್ಲಿ ಎಲ್ಲವನ್ನೂ ಅಟ್ಟದ ಮೇಲಿನ ಹೋಲ್ಡಾಲಿಗೆ, ಅದೇ ಹಾಸಿಗೆ ಸುತ್ತುವ ಹಗುರ ಕ್ಯಾನ್ವಾಸ್ ಚೀಲಕ್ಕೆ, ಹಾಕು. ಈಜುವಾಗ ಕಾಲಿಗೆ ಹಾಕುವ ರೆಕ್ಕೆಗಳು ಉದ್ದಕ್ಕೆ ಹಿಡಿಸುತ್ತವೆ, ಅಳೆದಿದ್ದೇನೆ. ಮುಖಕ್ಕೆ ಕಟ್ಟುವ ಗಾಜನ್ನು ನನ್ನ ಶಾಲಿನಲ್ಲಿ ಸುತ್ತು. ತಾತ ಕೇಳಿದರೆ ಅಜ್ಜಿ ಹೇಳಿದ್ದು ಅನ್ನು. ಸಂಜೆ ನೀನು ವಿಮಾನ ನಿಲ್ದಾಣದ ಬಸ್ಸು ಹತ್ತುತ್ತೀಯ. ಆಮೇಲೆ ಆ ಟ್ರಂಕಿನ ಜೊತೆ, ಅವರ ಮುಖ ನೋಡಿಕೊಂಡು ಇರಬೇಕಾದವಳು ನಾನು.

ಡಬ್ಬಿಯನ್ನು ಮರೆಯಬೇಡ, ಈ ಚೀಟಿಯ ಕೆಳಗೇ ಇದೆ. ಇದನ್ನು ಬರೆಯುತ್ತಿರುವಾಗಲೇ ತಾತ ಅಡುಗೆಮನೆಯಿಂದ ಬಂದರು, ನಾನು ಚೀಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ನಿನ್ನ ದಾರಿಗೆಂದು ತಾವೇ ಕಲಸಿದ ಪುಳಿಯೋಗರೆಯನ್ನು ಈ ಡಬ್ಬಿಗೆ ತುಂಬಿ, ಮುಚ್ಚಳ ಬಿಚ್ಚಿಕೊಳ್ಳದಂತೆ ಎರಡು ಸುತ್ತು ದಾರ ಕಟ್ಟಿ, ನನ್ನ ಕೈಗಿಟ್ಟರು.