ಕಂಡಕ್ಟರನ ಹೆಂಡತಿ ಟಿಕೆಟ್ ಕೊಂಡದ್ದು

ಲಾಂಡ್ಸ್‌ಹೂಟ್,
ಮೇ ೧೫, ಗುರುವಾರ, ಎರಡನೆಯ ಕಾಫಿಯ ಹೊತ್ತು

ಪ್ರೀತಿಯ ವೀಟಸ್,

ಮುಂದಿನ ತಲೆಮಾರಿನವರು ಓದಿ ಬೆರಗಾಗಲಿ ಎಂದು ಈ ಸಂಗತಿಯನ್ನು ಮೊದಲ ಸಾಲಿನಲ್ಲೇ ದಾಖಲಿಸುತ್ತಿದ್ದೇನೆ: ನಿನ್ನೆ ಬುಧವಾರ, ಬೆಳಿಗ್ಗೆ ಒಂಬತ್ತಕ್ಕೆ ಏಳು ನಿಮಿಷ ಇರುವಾಗ, ರೈಲ್ವೆ ಸಿಗ್ನಲ್ ಕ್ಯಾಬಿನ್ನಿನಲ್ಲಿ ದುಡಿದವನ ಮಗಳೂ ನಲವತ್ತೊಂದು ವರ್ಷ ರೈಲು ಕಂಡಕ್ಟರನಾಗಿದ್ದವನ ಹೆಂಡತಿಯೂ ಆದ ಆಫ್ರಾ ಹಾಸ್ಲಿಂಗರ್ ಎಂಬ ನಾನು, ನನ್ನ ಅರವತ್ತೊಂಬತ್ತನೆಯ ವಯಸ್ಸಿನಲ್ಲಿ, ಜೀವಮಾನದಲ್ಲೇ ಮೊದಲ ಸಲ ರೈಲಿಗೆ ಟಿಕೆಟ್ ಕೊಂಡೆ. ಈ ಘನ ಸಂದರ್ಭದಲ್ಲಿ ವಾದ್ಯದವರು ಬಂದಿರಲಿಲ್ಲ, ಮೇಯರ್ ಹಾರ ತಂದಿರಲಿಲ್ಲ. ಯಂತ್ರದ ಮುಂದೆ ನನ್ನ ಹಿಂದೆ ನಿಂತಿದ್ದ ಸೈಕಲ್ಲಿನವನೊಬ್ಬ ಮಾತ್ರ ಮೂರು ಸಲ ಕೆಮ್ಮಿದ.

ಅದಿರಲಿ, ಮೊದಲು ನಿನ್ನ ಆರೋಗ್ಯ. ಬ್ರೆಡ್ಡಿಗೆ ಬೆಣ್ಣೆ ಸವರುವಷ್ಟು ಬಲಗೈ ಪಳಗಿತೇ? ರಾತ್ರಿ ಕಾಲು ಸೆಳೆಯುವುದು ನಿಂತಿದೆಯೇ? ಆರೈಕೆ ಆಸ್ಪತ್ರೆಯ ಸೂಪು ಈಗಲೂ ಪಾತ್ರೆ ತೊಳೆದ ನೀರಿನ ಹಾಗೇ ಇದೆಯೇ? ನಿನಗೆ ಮಾತು ಕಲಿಸುವ ಶ್ರೀಮತಿ ಕ್ನೋಬ್ಲೋಖ್ ಸೋಮವಾರ ನನಗೆ ಫೋನ್ ಮಾಡಿದ್ದಳು. ನೀನು ಕೋಲು ಹಿಡಿದು ಕಾರಿಡಾರಿನ ಆ ತುದಿಯವರೆಗೆ ಹೋಗಿ ಬರುತ್ತೀಯಂತೆ, ಅಲ್ಲಿನ ಡಾಕ್ಟರಿಗೆ ಭಾರಿ ಸಂತೋಷವಂತೆ. ಕಾಲು ಕೆಲಸಕ್ಕೆ ಹಾಜರಾಗಿದೆ, ಬಾಯಿ ಮಾತ್ರ ಮುಷ್ಕರ ಹೂಡಿದೆ ಅಂದಳು. ಫೆಬ್ರವರಿಯಲ್ಲಿ ಪಾರ್ಶ್ವವಾಯು ಹೊಡೆದಾಗ ಹೋದ ಮಾತು ಪೂರ್ತಿ ಹೋಗಿಲ್ಲ, ಇದೆ. ನಿಧಾನವಾಗಿ, ತುಸು ಎಳೆದುಕೊಂಡು ಬರುತ್ತದೆ. ಅದನ್ನು ಯಾರೂ ಕೇಳಬಾರದೆಂದು ನೀನು ಬಾಯಿ ಬಿಡುವುದನ್ನೇ ಬಿಟ್ಟಿದ್ದೀಯ. ಹೀಗೇ ಇನ್ನೊಂದು ತಿಂಗಳು ಕೂತರೆ ಬಂದಷ್ಟೂ ಹಿಂದಕ್ಕೆ ಹೋಗುತ್ತದೆ ಎಂದು ಆಕೆ ಹೇಳಿದಳು. ಹೇಳುವಾಗ ಅವಳ ಸ್ವರವೂ ಸ್ವಲ್ಪ ಇಳಿದಿತ್ತು. ನಾನು ಫೋನ್ ಮಾಡಿದಾಗಲೆಲ್ಲ ನರ್ಸ್ ಎತ್ತಿ, ಮಲಗಿದ್ದಾರೆ ಅನ್ನುತ್ತಾಳೆ. ಹಗಲು ಹನ್ನೊಂದಕ್ಕೆ ಮಲಗುವ ಕಂಡಕ್ಟರನನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಆದ್ದರಿಂದ ನನ್ನ ಅಜ್ಜಿಯ ಕಾಲದವರ ಹಾಗೆ ಕಾಗದ ಬರೆಯುತ್ತಿದ್ದೇನೆ. ಕಾಗದದ ಮುಂದೆ ಮಲಗಿದಂತೆ ನಟಿಸಿ ಪ್ರಯೋಜನವಿಲ್ಲ.

ಈ ಪ್ರವಾಸ ಏಕೆ ಎಂದು ನೀನು ಹುಬ್ಬೇರಿಸುವ ಮೊದಲೇ ಹೇಳಿಬಿಡುತ್ತೇನೆ. ಪಸ್ಸಾವ್ ಮತ್ತು ರೇಗನ್ಸ್‌ಬುರ್ಗ್ ಎಂಬ ಎರಡು ಪ್ರಸಿದ್ಧ ನಗರಗಳಿಗೆ ನೀನು ಎಷ್ಟು ಸಾವಿರ ಸಲ ಹೋಗಿದ್ದೀಯೋ ದೇವರಿಗೇ ಗೊತ್ತು. ಅಲ್ಲಿ ನೀನು ನೋಡಿರುವುದು ಪ್ಲಾಟ್‌ಫಾರಂ, ಸಿಬ್ಬಂದಿಯ ಕ್ಯಾಂಟೀನು ಮತ್ತು ಕಕ್ಕಸು. ನಿವೃತ್ತಿ ಆಗಲಿ, ಒಂದು ದಿನ ಇಳಿದು ನೋಡೋಣ ಅಂದವನು ನೀನೇ. ನಿವೃತ್ತಿ ಆಯಿತು, ತೋಟದ ಬೇಲಿ ಆಗಲಿ ಅಂದೆ. ಬೇಲಿಯೂ ಆಯಿತು. ಈಗ ಕ್ನೋಬ್ಲೋಖ್ ಕೈಗೆ ಎಡಗೈಯಲ್ಲಿ ಗೀಚಿದ ಚೀಟಿ ಕೊಟ್ಟಿದ್ದೀಯಂತೆ, ಇನ್ನು ನನಗೆ ಪ್ರಯಾಣವೆಲ್ಲ ಸಾಕು ಎಂದು. ಸರಿ, ಸಾಕೋ ಬೇಕೋ ನೋಡಿಕೊಂಡೇ ಬರೋಣ, ಎಲ್ಲಿ ಮೆಟ್ಟಿಲಿದೆ, ಎಲ್ಲಿ ಬೆಂಚಿದೆ, ಕೋಲು ಹಿಡಿದ ಮುದುಕನೊಬ್ಬನನ್ನು ಎಲ್ಲಿವರೆಗೆ ಎಳೆದುಕೊಂಡು ಹೋಗಬಹುದು ಎಂದು ಹೊರಟೆ. ರೈಲ್ವೆಯವರು ಕೊಡುವ ನಮ್ಮ ಕುಟುಂಬ ಪಾಸಿನ ಅವಧಿ ಮುಗಿದಿದೆ, ಅದಕ್ಕೆ ನಿನ್ನ ಸಹಿ ಬೇಕು, ನೀನು ಕೊಡುವುದಿಲ್ಲ. ಹಾಗಾಗಿ ಟಿಕೆಟ್ ಕೊಂಡ ಆ ಚಾರಿತ್ರಿಕ ಘಟನೆ ನಡೆಯಬೇಕಾಯಿತು.

ರೈಲು ಹೊರಟಾಗ ಬಯಲ ಮೇಲೆ ಮಂಜಿತ್ತು. ಸಾಸಿವೆ ಜಾತಿಯ ಆ ಹಳದಿ ಹೂವಿನ ಹೊಲಗಳು ಮಂಜಿನೊಳಗಿಂದ ಒಂದೊಂದಾಗಿ ತೇಲಿ ಬರುತ್ತಿದ್ದವು, ಯಾರೋ ಹಾಸಿಗೆ ಬಿಸಿಲಿಗೆ ಹಾಕಿದ ಹಾಗೆ. ಚರ್ಚಿನ ಗೋಪುರಗಳು ಬುಡವಿಲ್ಲದೆ ಗಾಳಿಯಲ್ಲಿ ನಿಂತಿದ್ದವು. ಇಷ್ಟು ಚೆಂದದ ದಾರಿಯಲ್ಲಿ ನೀನು ನಲವತ್ತೊಂದು ವರ್ಷ ಜನರ ಕೈಯಲ್ಲಿದ್ದ ಚೀಟಿಗಳನ್ನು ನೋಡುತ್ತ ಓಡಾಡಿದೆಯಲ್ಲ ಎಂದು ಕನಿಕರಪಡುತ್ತಿರುವಾಗಲೇ, ಡಿಂಗೊಲ್ಫಿಂಗ್ ದಾಟಿದ ಮೇಲೆ, ಟಿಕೆಟ್ ನೋಡುವ ಹುಡುಗಿ ಬಂದಳು. ಕಪ್ಪು ಕೂದಲು, ಎದೆಯ ಮೇಲೆ ಡೆರ್ಯಾ ಎಂಬ ಹೆಸರಿನ ಪಟ್ಟಿ. ನಾನು ರಾಣಿಯ ಗತ್ತಿನಲ್ಲಿ ಟಿಕೆಟ್ ಚಾಚಿದೆ. ಅವಳು ಅದನ್ನು ತಿರುಗಿಸಿ ನೋಡಿ, ಮುಖ ಸಣ್ಣದು ಮಾಡಿ ಹೇಳಿದಳು:

"ಹೆಸರು ಬರ್ದಿಲ್ವಲ್ಲಮ್ಮ. ಹೆಸರಿಲ್ಲದ ಟಿಕೆಟ್ಟು ಟಿಕೆಟ್ಟಲ್ಲ, ಬರೀ ಕಾಗದ."

ವೀಟಸ್, ಇದು ನಿನ್ನ ವಾಕ್ಯ. ನಮ್ಮ ಊಟದ ಮೇಜಿನಲ್ಲಿ ಉಪ್ಪಿನ ಡಬ್ಬಿಯ ಪಕ್ಕದಲ್ಲೇ ಇಷ್ಟು ವರ್ಷ ಕೂತಿದ್ದ ವಾಕ್ಯ. ದಿನವಿಡೀ ಎಲ್ಲಿ ಬೇಕಾದರೂ ಓಡಾಡುವ ಈ ದಿನದ ಟಿಕೆಟಿನ ಮೇಲೆ ಹೆಸರು ಬರೆಯದೆ ಹತ್ತುವವರನ್ನು ನೀನು ಬೈಯುವಾಗ ಹೌದೌದು, ಎಂಥ ಜನ ಎಂದು ತಲೆದೂಗಿದ್ದ ನಾನೇ ಖಾಲಿ ಕಾಗದ ಹಿಡಿದು ಕೂತಿದ್ದೆ. ಎದುರಿನ ಸೀಟಿನ ಹೆಂಗಸು ಹೆಣಿಗೆ ನಿಲ್ಲಿಸಿ, ನನ್ನನ್ನು ಪೊಲೀಸರು ಎಲ್ಲಿ ಇಳಿಸಿಕೊಳ್ಳುತ್ತಾರೆ ಎಂದು ನೋಡುವವಳ ಹಾಗೆ ಕಾದಳು. ಹುಡುಗಿ ಪೆನ್ನು ಕೊಟ್ಟಳು. ಬರೆದೆ. ಹೆಸರು ಓದಿದವಳು ಅಲ್ಲೇ ನಿಂತುಬಿಟ್ಟಳು. ನೀವು ಹಾಸ್ಲಿಂಗರ್ ಮೇಷ್ಟ್ರ ಮನೆಯವರಾ ಎಂದಳು. ನಿನ್ನ ಕೊನೆಯ ವರ್ಷ ನಿನ್ನ ಕೈಕೆಳಗೆ ಕೆಲಸ ಕಲಿತವಳಂತೆ. ನಿನ್ನನ್ನು ಯಾರಾದರೂ ಮೇಷ್ಟ್ರು ಎನ್ನುತ್ತಾರೆಂದು ನೀನು ನನಗೆ ಹೇಳಿಯೇ ಇಲ್ಲ. ಮನೆಯಲ್ಲಿ ನೀನು ಕಲಿಸಿದ್ದು ಪಾತ್ರೆ ತೊಳೆಯುವ ಯಂತ್ರದಲ್ಲಿ ತಟ್ಟೆ ಜೋಡಿಸುವ ಕ್ರಮ ಒಂದೇ.

ಹೇಗಿದ್ದಾರೆ ಎಂದು ಕೇಳಿದಳು. ನಮ್ಮಲ್ಲಿ ಯಾರು ಕೇಳಿದರೂ ಪರವಾಗಿಲ್ಲ ಅನ್ನುವುದೇ ರೂಢಿ. ನಾನೂ ಅದನ್ನೇ ಅನ್ನಲು ಹೊರಟವಳು ಯಾಕೋ ಎಲ್ಲವನ್ನೂ ಹೇಳಿಬಿಟ್ಟೆ. ನಿನ್ನ ಮಾತು ಎಳೆಯುವುದು, ನೀನು ನಾಚಿಕೊಂಡು ಬಾಯಿ ಮುಚ್ಚಿದ್ದು, ಫೋನಿನ ಕಳ್ಳ ನಿದ್ದೆ, ಎಲ್ಲ. ಕೆಲಸದ ಹೊತ್ತಿನಲ್ಲಿ ಕೂರಬಾರದೆಂಬ ನಿಯಮ ನಿನ್ನದೇ ಇರಬೇಕು, ಅದನ್ನು ಮುರಿದು ಅವಳು ನನ್ನ ಪಕ್ಕದಲ್ಲಿ ಕೂತಳು.

"ನಿಧಾನ ಆಯ್ತು ಅಂತ ನಾಚ್ಕೊಂಡಿದಾರಾ? ಮೊದಲ್ನೇ ದಿನ ಮೈಕಲ್ಲಿ ನಾನು ಊರಿನ ಹೆಸರು ಅವಸರದಲ್ಲಿ ಹೇಳ್ದೆ ಅಂತ ಪಸ್ಸಾವ್ ಬರೋವರ್ಗೂ ಬೈದಿದ್ರು ನಂಗೆ. ಯಾರೋ ನಿದ್ದೆ ಹೋಗಿದಾರೆ, ಇದು ಅವರ ಊರು ಅಂದ್ಕೊಂಡು ಹೇಳು, ಗಾಬರಿ ಬೀಳಿಸ್ಬೇಡ, ಎಬ್ಬಿಸು ಸಾಕು ಅಂತಿದ್ರು."

ಅಷ್ಟರಲ್ಲಿ ಮುಂದಿನ ನಿಲ್ದಾಣ ಹತ್ತಿರವಾಯಿತು, ಅವಳು ಎದ್ದು ಹೋದಳು. ಸ್ವಲ್ಪ ಹೊತ್ತಿಗೆ ಮೇಲಿನ ಸ್ಪೀಕರಿನಿಂದ ಅವಳ ಧ್ವನಿ ಬಂತು. ಊರಿನ ಹೆಸರನ್ನು ಅವಳು ಕೈಯಲ್ಲಿ ಹಿಡಿದು ಕೊಟ್ಟಂತೆ ಹೇಳಿದಳು. ಎದುರಿನವಳು ಹೆಣಿಗೆ ಮುಂದುವರಿಸಿದಳು. ನಾನು ಕಿಟಕಿಯ ಕಡೆ ತಿರುಗಿಕೊಂಡೆ, ಕಣ್ಣಿಗೆ ಏನೋ ಬಿದ್ದಿತ್ತು ಎಂದು ಬರೆದರೆ ನೀನು ನಂಬುವವನಲ್ಲ.

ಪಸ್ಸಾವ್ ಬಗ್ಗೆ ಏನು ಹೇಳಲಿ. ಊರು ದೋಣಿಯ ಮೂತಿಯ ಹಾಗೆ ಚೂಪಾಗಿ ಮುಗಿಯುತ್ತದೆ, ಆ ತುದಿಯಲ್ಲಿ ಮೂರು ನದಿ ಸೇರುತ್ತವೆ. ಒಂದು ಕಪ್ಪು, ಕಾಡಿನಿಂದ ಬರುವುದು. ಒಂದು ಹಾಲು ಬೆರೆತ ಹಸಿರು, ಹಿಮದ ಬೆಟ್ಟದಿಂದ ಬರುವುದು. ನಡುವೆ ನಮ್ಮ ಡ್ಯಾನ್ಯೂಬ್, ಅದಕ್ಕೆ ನಿನ್ನ ಹಳೆಯ ಯೂನಿಫಾರಂ ಒಗೆದ ನೀರಿನ ಬಣ್ಣ. ಸೇರಿದ ಕೂಡಲೇ ಬೆರೆಯುವುದಿಲ್ಲ ಅವು. ಪಕ್ಕಪಕ್ಕದಲ್ಲೇ ಬಹಳ ದೂರ ತಮ್ಮ ತಮ್ಮ ಬಣ್ಣ ಇಟ್ಟುಕೊಂಡು ಹೋಗುತ್ತವೆ, ಒಂದೇ ಹಾಸಿಗೆಯಲ್ಲಿ ಬೇರೆ ಬೇರೆ ಕನಸು ಕಾಣುವವರ ಹಾಗೆ. ಅಲ್ಲಿ ಆರು ಬೆಂಚುಗಳಿವೆ, ಐದಕ್ಕೆ ಒರಗು ಇದೆ. ನೆಲ ಸಮತಟ್ಟು. ಮಧ್ಯಾಹ್ನ ಹನ್ನೆರಡಕ್ಕೆ ದೊಡ್ಡ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಾರೆ, ಅಲ್ಲಿಗೆ ಹೋಗುವ ದಾರಿ ಮಾತ್ರ ಏರು, ಉರುಟು ಕಲ್ಲಿನ ಹಾಸು. ನಿನ್ನ ಕೋಲಿಗೆ ಕಷ್ಟ, ಟ್ಯಾಕ್ಸಿ ಮಾಡಬೇಕು. ಜಂಬ ತೋರಿಸಬೇಡ. ಒಳಗೆ ಕೂತೆ. ಆರ್ಗನ್ನಿನ ಮೊದಲ ಸ್ವರ ಕಿವಿಗೆ ಬರಲಿಲ್ಲ, ಬೆಂಚಿನಿಂದ ಬೆನ್ನಿಗೆ ಹತ್ತಿತು. ಮೇಲೆ ಬಣ್ಣದ ದೇವದೂತರು ಮೋಡದ ಮೇಲೆ ಒರಗಿಕೊಂಡಿದ್ದರು, ಅವರಿಗೂ ಊಟದ ನಂತರದ ಜೋಂಪು. ಎಲ್ಲವೂ ಮುಗಿದು ಹೊರಗೆ ಬಂದಾಗ ಬೀದಿ ಬಿಸಿಲಿಗೆ ಬಿಳಿಯಾಗಿ ನಿಶ್ಶಬ್ದವಾಗಿ ತೇಲುತ್ತಿತ್ತು. ನಾನು ಯಾವ ಊರಿನವಳು, ಯಾವ ಹೊತ್ತು, ಒಂದು ಕ್ಷಣ ತಿಳಿಯಲಿಲ್ಲ.

ಈಗ ನಿನಗೆ ನಗು ಬರುವ ಭಾಗ. ಪಸ್ಸಾವಿನಿಂದ ಹಿಂದಕ್ಕೆ ಬಂದು ಪ್ಲಾಟ್ಲಿಂಗ್‌ನಲ್ಲಿ ಇಳಿದು ರೇಗನ್ಸ್‌ಬುರ್ಗಿನ ರೈಲು ಹಿಡಿಯಬೇಕಿತ್ತು. ಬಿಸಿಲು ಗಾಜಿನಿಂದ ಮಡಿಲಿಗೆ ಬೀಳುತ್ತಿತ್ತು, ಆರ್ಗನ್ ಇನ್ನೂ ಬೆನ್ನಲ್ಲಿತ್ತು, ಕಣ್ಣು ಮುಚ್ಚಿತು. ಆಗ ನೀನು ಹೇಳಿದೆ. ಸ್ಪಷ್ಟವಾಗಿ, ಎಂದಿನ ಹಾಗೆ, ಪ್ಲಾಟ್ಲಿಂಗ್, ರೇಗನ್ಸ್‌ಬುರ್ಗ್ ಕಡೆ ಹೋಗುವವರು ಇಲ್ಲಿ ಬದಲಿಸಿ, ಎಂದು. ನಾನು ಎದ್ದೆ, ಚೀಲ ಹೆಗಲಿಗೇರಿಸಿದೆ, ಬಾಗಿಲ ಗುಂಡಿ ಒತ್ತಿದೆ, ಇಳಿದೆ. ರೈಲು ಹೋಯಿತು. ತಲೆಯೆತ್ತಿ ನೋಡಿದರೆ ಫಲಕದಲ್ಲಿ ಓಸ್ಟರ್‌ಹೋಫನ್ ಎಂದು ಬರೆದಿದೆ. ಪ್ಲಾಟ್ಲಿಂಗ್‌ಗಿಂತ ಮೊದಲಿನ ನಿಲ್ದಾಣ. ಬೇರೆ ಯಾವ ಹೆಂಗಸಾದರೂ ಇಳಿಯುವ ಮೊದಲು ಫಲಕ ನೋಡುತ್ತಾಳೆ. ನಾನು ಈ ವಯಸ್ಸಿನವರೆಗೆ ಫಲಕ ನೋಡಿಯೇ ಇಲ್ಲ, ನಿನ್ನ ಮಾತು ಕೇಳಿ ಇಳಿದವಳು. ಮುಂದಿನ ರೈಲಿಗೆ ಒಂದು ಗಂಟೆ. ಪ್ಲಾಟ್‌ಫಾರಂನಲ್ಲಿ ನಾನು, ಒಂದು ಬೆಂಚು, ಹೊಲದ ಮೇಲೆ ಕಾಣದೆ ಹಾಡುವ ಒಂದು ಬಾನಾಡಿ. ಚೀಲದಲ್ಲಿದ್ದ ಉಪ್ಪು ಬ್ರೆಡ್ಡಿನ ಸುರುಳಿ ಮುರಿದು ತಿಂದೆ. ಮೂರು ತಿಂಗಳಾಯಿತು ನಿನ್ನ ಧ್ವನಿ ಕೇಳಿ, ವೀಟಸ್. ಕನಸಿನಲ್ಲಿ ಬಂದದ್ದು ನಿನ್ನ ಹಳೆಯ ಧ್ವನಿ, ನಿಜ. ಆದರೆ ಆ ಬೆಂಚಿನಲ್ಲಿ ಕೂತು ನಾನು ಆಸೆಪಟ್ಟದ್ದು ಈಗಿನದನ್ನು. ಅದು ಹೇಗಿದೆಯೋ ನನಗೆ ಗೊತ್ತೇ ಇಲ್ಲ. ಕ್ನೋಬ್ಲೋಖ್‌ಗೆ ಗೊತ್ತು, ನರ್ಸಿಗೆ ಗೊತ್ತು, ಸೂಪು ತರುವವನಿಗೂ ಗೊತ್ತಿರಬಹುದು. ನನಗೆ ಗೊತ್ತಿಲ್ಲ. ಇದೊಂದು ವಿಷಯಕ್ಕೆ ನನಗೆ ನಿನ್ನ ಮೇಲೆ ನಿಜವಾಗಿಯೂ ಕೋಪ ಬಂತು. ಒಂದು ಗಂಟೆ ಇತ್ತಲ್ಲ, ಸಾವಕಾಶವಾಗಿ ಕೋಪ ಮಾಡಿಕೊಂಡೆ.

ರೇಗನ್ಸ್‌ಬುರ್ಗ್ ಸೇರಿದಾಗ ನಾಲ್ಕೂವರೆ. ಹಳೆಯ ಕಲ್ಲಿನ ಸೇತುವೆಯ ಮೇಲೆ ನಡೆದೆ. ಕಮಾನುಗಳ ಕೆಳಗೆ ಡ್ಯಾನ್ಯೂಬ್ ಸುಳಿ ಸುತ್ತುತ್ತದೆ, ನೋಡುತ್ತ ನಿಂತರೆ ಸೇತುವೆಯೇ ನಿಧಾನವಾಗಿ ಹಿಂದಕ್ಕೆ ತೇಲಿದ ಹಾಗೆ ಅನಿಸುತ್ತದೆ, ಪಕ್ಕದ ರೈಲು ಹೊರಟಾಗ ನಮ್ಮದೇ ಹೊರಟಂತೆ ಅನಿಸುವುದಿಲ್ಲವೇ, ಹಾಗೆ. ಸೇತುವೆಯ ಬುಡದ ಹೊಗೆ ಹಿಡಿದ ಅಡುಗೆಮನೆಯಲ್ಲಿ ಬೆರಳುದ್ದದ ಸಾಸೇಜು ಸುಡುತ್ತಾರೆ. ಆರು ಕೇಳಿದೆ. ಬಡಿಸುವವಳು ಮೇಲೆ ಕೆಳಗೆ ನೋಡಿ, ಒಬ್ಬರಿಗಾ ಎಂದಳು. ಈ ಸಲ ಒಬ್ಬಳಿಗೇ, ಮುಂದಿನ ಸಲ ಹನ್ನೆರಡು ತಾ ಅಂದೆ. ಅವಳು ಹುಳಿ ಎಲೆಕೋಸು ಸ್ವಲ್ಪ ಜಾಸ್ತಿಯೇ ಹಾಕಿ ಹೋದಳು. ಸೇತುವೆ ಸಪಾಟಾಗಿದೆ, ನಡುವೆ ಕೂರಲು ಕಲ್ಲಿನ ಕಟ್ಟೆ ಇದೆ. ಸೇತುವೆಯ ತುದಿಯ ಗೋಪುರ ಹತ್ತುವ ಮಾತೇ ಬೇಡ, ಅದು ನನಗೇ ಆಗಲಿಲ್ಲ. ಸಂಜೆಯ ರೈಲಿನಲ್ಲಿ ಮನೆಗೆ ಬರುವಾಗ ಇಡೀ ದಿನ ನೀರಿನ ಅಡಿಯಲ್ಲಿ ನಡೆದಾಡಿ ಬಂದಂತಿತ್ತು. ಈ ಸಲ ಕಣ್ಣು ಬಿಟ್ಟುಕೊಂಡೇ ಕೂತಿದ್ದೆ.

ಬೆಕ್ಕು ಕ್ಷೇಮ. ಬೇಲಿ ನಿಂತಿದೆ. ಪಕ್ಕದ ಮನೆಯವರು ನಿನ್ನನ್ನು ಕೇಳಿದರು, ಪರವಾಗಿಲ್ಲ ಅಂದೆ. ಜೂನ್ ಆರಕ್ಕೆ ನಿನ್ನನ್ನು ಮನೆಗೆ ಕಳಿಸುತ್ತಾರಂತೆ. ಹನ್ನೊಂದು ಬುಧವಾರ, ಆ ದಿನ ನಾವಿಬ್ಬರೂ ಹೋಗುತ್ತಿದ್ದೇವೆ. ಇದು ಸಲಹೆಯಲ್ಲ, ಪ್ರಕಟಣೆ. ಶ್ರೀಮತಿ ಕ್ನೋಬ್ಲೋಖ್‌ಗೆ ನನ್ನ ನಮಸ್ಕಾರ ತಿಳಿಸು, ಚೀಟಿಯಲ್ಲಿ ಬೇಡ. ದೇವರು ನಿನ್ನನ್ನು ಕಾಯಲಿ, ಸೂಪಿನಿಂದಲೂ ಕಾಯಲಿ.

ನಿನ್ನದೇ, ಈಗ ಟಿಕೆಟ್ ಉಳ್ಳ,
ಆಫ್ರಾ

ಮರೆತಿದ್ದೆ: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಪ್ಲಾಟ್ಲಿಂಗ್‌ನಲ್ಲಿ ರೈಲು ಬದಲಿಸಲು ಇರುವುದು ಕೆಲವೇ ನಿಮಿಷ. ನಿನ್ನೆ ನಾನು ತಪ್ಪು ಬೋಗಿಯಲ್ಲಿ ಕೂತಿದ್ದರಿಂದ ಲಿಫ್ಟಿನವರೆಗೆ ಇಡೀ ಪ್ಲಾಟ್‌ಫಾರಂ ಓಡಬೇಕಾಯಿತು. ಪಸ್ಸಾವಿನಲ್ಲಿ ಎಷ್ಟನೆಯ ಬೋಗಿ ಹತ್ತಿ ಯಾವ ಬಾಗಿಲ ಬಳಿ ಕೂತರೆ ಲಿಫ್ಟು ಸರಿಯಾಗಿ ಎದುರಿಗೇ ಬರುತ್ತದೆ? ಇದು ನಿನಗೊಬ್ಬನಿಗೇ ಗೊತ್ತಿರುವುದು. ಬರೆದು ಕಳಿಸಬೇಡ, ನಿನ್ನ ಎಡಗೈ ಅಕ್ಷರ ನನಗೆ ಓದಲಾಗುವುದಿಲ್ಲ. ನರ್ಸ್ ಕೈಲಿ ಹೇಳಿಸಬೇಡ, ರೈಲ್ವೆ ಟೋಪಿ ಹಾಕದವರು ಹೇಳಿದ ರೈಲಿನ ಸುದ್ದಿ ನಾನು ನಂಬುವುದಿಲ್ಲ. ಭಾನುವಾರ ಮಧ್ಯಾಹ್ನ ಮೂರಕ್ಕೆ ಫೋನ್ ಮಾಡುತ್ತೇನೆ, ನೀನೇ ಎತ್ತಿ ಹೇಳು. ಅವಸರ ಮಾಡಬೇಡ, ನಾನು ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳಬೇಕು.